ತಂಗುದಾಣದ ಸೊನ್ನೆ

ಪ್ರೀತಿಯ ಗೆಳೆಯಾ,

ನಿನ್ನ ಉದ್ದದ ಮೆಸೇಜು ಓದಿದೆ. ಎರಡು ದಿನ ಉತ್ತರ ಬರೆಯಲಿಲ್ಲ, ಸಿಟ್ಟು ಮಾಡ್ಬೇಡ. ಇಲ್ಲಿ ಮಳೆ, ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಫೋನಿನಲ್ಲಿ ಟೈಪು ಮಾಡಿ ಮುಗಿಸುವ ವಿಷಯವೂ ಇದಲ್ಲ.

ರಾಜರ ಕಾಲದ ಲಾಂಛನ, ಬ್ರಿಟಿಷರ ಪ್ರತಿಮೆ, ಅವರಿಟ್ಟ ಹೆಸರು ಎಲ್ಲವನ್ನೂ ಒಂದು ಸಲ ಗುಡಿಸಿ ಹೊಸದು ಮಾಡಬೇಕು ಅಂತ ನೀನು ಬರೆದಿದ್ದೀ. ಬೆಂಗಳೂರಲ್ಲಿ ಕೂತು ನೋಡಿದರೆ ಅದು ಸರಿ ಅಂತಲೇ ಕಾಣುತ್ತದೆ. ನಾನಿರುವುದು ಕಾಸರಗೋಡಿನಲ್ಲಿ ಮಾರಾಯ. ಇಲ್ಲಿ ಗುಡಿಸುವುದು ಅಂದರೆ ಮೊದಲು ನಮ್ಮ ಹೆಸರೇ ಹೋಗುತ್ತದೆ.

ಬಸ್‌ ಸ್ಟ್ಯಾಂಡಿನ ವಿಷಯ ಹೇಳುತ್ತೇನೆ. ಮಂಗಳೂರಿಗೆ ಹೋಗುವ ಕೇರಳದ ಬಸ್ಸು, ಕರ್ನಾಟಕದ ಬಸ್ಸು ಎರಡೂ ಇಲ್ಲಿ ಅಕ್ಕಪಕ್ಕ ನಿಲ್ಲುತ್ತವೆ. ಒಂದರ ಮೇಲೆ ಎರಡು ಆನೆ, ಇನ್ನೊಂದರ ಮೇಲೆ ಗಂಡಭೇರುಂಡ. ಆನೆ ತಿರುವಾಂಕೂರು ರಾಜರದ್ದು, ಗಂಡಭೇರುಂಡ ಮೈಸೂರು ಒಡೆಯರದ್ದು. ಕೆಎಸ್‌ಆರ್‌ಟಿಸಿ ಅನ್ನುವ ಹೆಸರು ಯಾರದ್ದು ಅಂತ ಇವೆರಡೂ ಸಂಸ್ಥೆಗಳು ಕೋರ್ಟಿಗೂ ಹೋಗಿ ಬಂದವು. ತಮಾಷೆ ಏನು ಅಂದರೆ, ನಮ್ಮ ಊರನ್ನು ಒಡೆಯರೂ ಆಳಲಿಲ್ಲ, ತಿರುವಾಂಕೂರಿನವರೂ ಆಳಲಿಲ್ಲ. ಕೆಳದಿಯವರು ಬಂದರು, ಹೈದರ್ ಬಂದ, ಟಿಪ್ಪು ಬಂದ, 1799ರ ನಂತರ ಕಂಪನಿ. ಆಮೇಲೆ ಮದ್ರಾಸು, ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ಬೆಳಗಾಗುವಾಗ ಕೇರಳ. ಆದರೂ ಗಂಡಭೇರುಂಡದ ಬಸ್ಸು ಕಂಡರೆ ನಾನು ಓಡಿ ಹತ್ತುತ್ತೇನೆ. ಯಾಕೆ ಅಂತ ಕೇಳಬೇಡ. ರಾಜರ ಚಿಹ್ನೆ ಪ್ರಜಾಪ್ರಭುತ್ವಕ್ಕೆ ಹೊಂದುವುದಿಲ್ಲ ಅಂತ ನೀನು ಬರೆದ ಸಾಲನ್ನು ನಾನು ಓದಿದ್ದು ಅದೇ ಬಸ್ಸಿನ ಕಿಟಕಿ ಸೀಟಿನಲ್ಲಿ.

ಕಳೆದ ಭಾನುವಾರ ಸುಮ್ನೆ ಬೇಕಲ ಕೋಟೆಗೆ ಹೋಗಿದ್ದೆ. ಕೆಳದಿಯ ಶಿವಪ್ಪ ನಾಯಕ ಸುಮಾರು 1650ರಲ್ಲಿ ಕಟ್ಟಿಸಿದ್ದು ಅಂತ ನಾವು ಓದಿದ್ದೇವೆ. ಅದಕ್ಕೂ ಮೊದಲೇ ಅಲ್ಲಿ ಉತ್ತರ ಮಲಬಾರಿನ ಕೋಲತ್ತಿರಿ ರಾಜರ ಕೋಟೆ ಇತ್ತು ಅಂತ ನನ್ನ ಮಲಯಾಳಿ ಸಹೋದ್ಯೋಗಿಯ ವಾದ. ಚಹಾ ಕುಡಿಯುವಾಗೆಲ್ಲ ಇದೇ ಜಗಳ ಆಗುತ್ತದೆ, ಗೆದ್ದವರಿಲ್ಲ. ಹತ್ತಿರ ಹೋಗಿ ಗೋಡೆ ಮುಟ್ಟಿ ನೋಡಿದರೆ ಜಂಬಿಟ್ಟಿಗೆ. ಮಳೆಗೆ ಒದ್ದೆಯಾದ ಕೆಂಪು, ಸಣ್ಣ ಸಣ್ಣ ತೂತು, ತೂತಿನೊಳಗೆಲ್ಲ ಪಾಚಿ. ನಮ್ಮ ಮನೆಯ ಕೊಟ್ಟಿಗೆಗೂ ಅದೇ ಕಲ್ಲು. ನಡುವೆ ಇಳಿಜಾರು ದಾರಿಯ ವೀಕ್ಷಣಾ ಬುರುಜು ಇದೆಯಲ್ಲ, ಅದು ಟಿಪ್ಪುವಿನ ಕಾಲದ್ದು ಅನ್ನುತ್ತಾರೆ. ಬಾಗಿಲ ಹತ್ತಿರ ಆಂಜನೇಯ, ಹೊರಗೆ ಸ್ವಲ್ಪ ದೂರಕ್ಕೆ ಮಸೀದಿ. ನಿನ್ನ ಲೆಕ್ಕದಲ್ಲಿ ಗುಡಿಸಲು ಶುರು ಮಾಡಿದರೆ ಈ 40 ಎಕರೆಯಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು? ಬುರುಜು ತೆಗೆದರೆ ಅದು ಶಿವಪ್ಪ ನಾಯಕನ ಕೋಟೆಯಾಗಿ ಉಳಿದೀತು, ಆದರೆ ಅಷ್ಟು ಎತ್ತರದಿಂದ ಸಮುದ್ರ ಕಾಣಲಿಕ್ಕಿಲ್ಲ.

(ರಾಜ್ಯಗಳ ಗಡಿಯ ಬಗೆಗಿನ ಮಹಾಜನ ವರದಿ ಜಾರಿಯಾಗಿದ್ದರೆ ಬೇಕಲ ನಮ್ಮದಾಗುತ್ತಿತ್ತು ಅಂತ ಬರೆದಿದ್ದೀಯಲ್ಲ, ಅದೂ ಸರಿಯಲ್ಲ. 1967ರ ಆ ವರದಿ ಕರ್ನಾಟಕಕ್ಕೆ ಕೊಡಿ ಅಂದದ್ದು ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗವನ್ನು ಮಾತ್ರ. ಬೇಕಲ ಇರುವುದು ಆ ಹೊಳೆಯ ದಕ್ಷಿಣಕ್ಕೆ. ಜೈಕಾರ ಹಾಕುವ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.)

ಹೆಸರಿನ ವಿಷಯಕ್ಕೆ ಬರುತ್ತೇನೆ. 2021ರಲ್ಲಿ ಇಲ್ಲಿನ ಊರುಗಳ ಕನ್ನಡ ಹೆಸರು ಬದಲಾಗುತ್ತದೆ ಅಂತ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅಂಥದ್ದೇನೂ ಇಲ್ಲ ಅಂತ ಕೇರಳದ ಕಡೆಯಿಂದ ಉತ್ತರವೂ ಬಂತು. ಆದರೆ ಆದೇಶ ಬೇಕಾಗಿಯೇ ಇಲ್ಲ ಮಾರಾಯ, ಬೋರ್ಡು ಬರೆಯುವವನೊಬ್ಬ ಸಾಕು. ನೆಲ್ಲಿಕುಂಜ ನೆಲ್ಲಿಕುನ್ನು ಆಗುತ್ತದೆ. ಹೊಸದುರ್ಗ ಪುದಿಯಕೋಟ ಆಗುತ್ತದೆ. ಅರ್ಥ ಒಂದೇ ಅಲ್ವಾ, ಎರಡೂ ಹೊಸ ಕೋಟೆಯೇ ಅಂತ ನನ್ನ ಸಹೋದ್ಯೋಗಿ ಸಮಾಧಾನ ಮಾಡಿದ. ಅರ್ಥ ಒಂದೇ, ಹೌದು. ಆದರೆ ಹೊಸದುರ್ಗ ಅನ್ನುವಾಗ ಘಟ್ಟದ ಮೇಲಿಂದ ಇಳಿದು ಬಂದ ನಾಯಕರ ಬಾಯಿಯೂ ಅದರಲ್ಲಿ ಸೇರಿರುತ್ತದೆ. ಅನುವಾದ ಮಾಡಿದರೆ ಕೋಟೆ ಉಳಿಯುತ್ತದೆ, ಬಾಯಿ ಹೋಗುತ್ತದೆ.

ಇಷ್ಟೆಲ್ಲ ಹೇಳುವ ನಾನು 2014ರ ನವೆಂಬರ್ 1ಕ್ಕೆ ಏನು ಮಾಡಿದ್ದೆ ನೆನಪುಂಟಾ? ಬ್ಯಾಂಗಲೋರ್ ಬೆಂಗಳೂರಾಯಿತು, ಮ್ಯಾಂಗಲೋರ್ ಮಂಗಳೂರಾಯಿತು, ಬೆಲ್ಗಾಮ್ ಬೆಳಗಾವಿಯಾಯಿತು ಅಂತ ಆಫೀಸಿಗೆಲ್ಲ ಲಾಡು ಹಂಚಿದ್ದೆ. ಬೆಳಗಾವಿಯಲ್ಲಿ ಮರಾಠಿ ಮಾತಾಡುವ ಯಾರೋ ಒಬ್ಬ ಅವತ್ತು ಹೊಸ ಬೋರ್ಡಿನ ಕೆಳಗೆ ನಿಂತು ನನ್ನ ಹಾಗೆಯೇ ಮುಖ ಸಣ್ಣದು ಮಾಡಿಕೊಂಡಿರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಈಗಲೂ ಆ ಬದಲಾವಣೆ ಬೇಡವಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಲಾಡು ಹಂಚುವ ಮನಸ್ಸು ಹೋಗಿದೆ.

ನೌಕಾಪಡೆಯ ಧ್ವಜದ ವಿಷಯದಲ್ಲಿ ನಾನು ನಿನ್ನ ಕಡೆಯೇ. ಇಂಗ್ಲೆಂಡಿನ ಆ ಸೇಂಟ್ ಜಾರ್ಜ್ ಶಿಲುಬೆ ನಮ್ಮ ಹಡಗಿನ ಮೇಲೆ ಯಾಕೆ ಬೇಕಿತ್ತು? 2001ರಲ್ಲಿ ಒಮ್ಮೆ ತೆಗೆದರು. ಅದರ ಬದಲು ಹಾಕಿದ ನೀಲಿ ಲಾಂಛನ ಆಕಾಶ, ಸಮುದ್ರದ ಬಣ್ಣದಲ್ಲಿ ಕಾಣಿಸುವುದೇ ಇಲ್ಲ ಅಂತ ದೂರು ಬಂದು 2004ರಲ್ಲಿ ಶಿಲುಬೆಯೇ ವಾಪಸ್! ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯಲ್ಲಿ ವಿಕ್ರಾಂತ್ ಹಡಗಿನ ಜೊತೆಗೆ ಹೊಸ ಧ್ವಜ ಬಂತು. ಧ್ವಜ ಅಂದರೆ ನಾವು ದಿನಾ ಏರಿಸುವುದು, ಇವತ್ತಿನ ನಮ್ಮ ಮಾತು. ಅದನ್ನು ಬದಲಿಸುವ ಹಕ್ಕು ನಮಗೆ ಇದ್ದೇ ಇದೆ. ಕಲ್ಲು, ಊರಿನ ಹೆಸರು ಹಾಗಲ್ಲ. ಅವು ನಮಗಿಂತ ಮೊದಲಿನವರ ಮಾತು, ನಾವು ನಡುವೆ ಬಂದು ಕೇಳಿಸಿಕೊಳ್ಳುತ್ತಿರುವವರು.

ದಿಲ್ಲಿಯ ಇಂಡಿಯಾ ಗೇಟಿನ ಹತ್ತಿರದ ಮಂಟಪ ಗೊತ್ತಲ್ಲ? ಐದನೇ ಜಾರ್ಜನ ಪ್ರತಿಮೆಯನ್ನು 1968ರಲ್ಲಿ ಎತ್ತಿ ಕಾರೊನೇಶನ್ ಪಾರ್ಕಿಗೆ ಸಾಗಿಸಿದ ಮೇಲೆ ಐವತ್ತು ವರ್ಷಕ್ಕೂ ಜಾಸ್ತಿ ಅದು ಖಾಲಿ ಇತ್ತು. ಈಗ ಅಲ್ಲಿ ನೇತಾಜಿ ನಿಂತಿದ್ದಾರೆ. ನೇತಾಜಿ ಬಗ್ಗೆ ನನ್ನ ತಕರಾರಿಲ್ಲ. ಆದರೆ ಟೂರಿಗೆ ಹೋದಾಗ ನೋಡಿದ್ದ ಆ ಖಾಲಿ ಮಂಟಪ ನನಗೆ ತುಂಬಾ ಹಿಡಿಸಿತ್ತು. ರಾಜ ಎದ್ದು ಹೋದದ್ದು ಕಣ್ಣಿಗೇ ಕಾಣುತ್ತಿತ್ತು.

ಕೊನೆಗೆ ನಮ್ಮ ರಸ್ತೆಯ ಬಸ್‌ ತಂಗುದಾಣದ ಕತೆ. ಹೋದ ವರ್ಷ ಹೊಸ ಬಣ್ಣ ಹೊಡೆದರು. ಮೊದಲು ಮೂರು ಭಾಷೆ ಇತ್ತು. ಬಣ್ಣ ಒಣಗಿದ ಮೇಲೆ ನೋಡಿದರೆ ಎರಡೇ. ಪೇಂಟರನ್ನು ಕೇಳಿದೆ. ಪಾಪ, ಅವನಿಗೇನೂ ದ್ವೇಷ ಇರಲಿಲ್ಲ. ‘ಎರಡು ಸಾಲಿಗೆ ಅಳತೆ ಕೊಟ್ಟಿದ್ದರು, ಎರಡು ಬರೆದೆ’ ಅಂದ. ಇಲ್ಲಿ ಕಚೇರಿಗಳಿಗೆ ಕನ್ನಡದಲ್ಲಿ ಅರ್ಜಿ ಬರೆಯುವುದು ಕೇರಳದ 1969ರ ಭಾಷಾ ಕಾಯ್ದೆಯೇ ಕೊಟ್ಟ ಹಕ್ಕು. ಹಾಗಾಗಿ ಹಟಕ್ಕೆ ಕನ್ನಡದಲ್ಲೇ ಬರೆದೆ, ಮೂರು ಸಲ. ನಾಲ್ಕು ತಿಂಗಳ ನಂತರ ಒಂದು ತಗಡಿನ ತುಂಡು ಬಂತು. ಕೆಳಗೆ ಮೊಳೆ ಹೊಡೆದು ಸಿಕ್ಕಿಸಿದ್ದಾರೆ: ‘ಪ್ರಯಾಣಿಕರ ತಗುದಾಣ’.

ಸೊನ್ನೆ ಬಿಟ್ಟುಹೋಗಿದೆ. ಕನ್ನಡ ಗೊತ್ತಿಲ್ಲದ ಕೈ ನೋಡಿ ನೋಡಿ ಬಿಡಿಸಿದ ಅಕ್ಷರ, ಬೇರೆಲ್ಲ ಸರಿಯಾಗಿಯೇ ಉಂಟು. ಇನ್ನೊಂದು ಅರ್ಜಿ ಬರೆದರೆ ತಗಡನ್ನೇ ತೆಗೆದಾರು ಅಂತ ನನಗೆ ಹೆದರಿಕೆ.

ದಸರಾ ರಜೆಗೆ ಬರುತ್ತೇನೆ ಅಂದಿದ್ದೀಯಲ್ಲ, ಬಾ. ಬೇಕಲಕ್ಕೂ ಹೋಗೋಣ. ಒಂದು ಸಣ್ಣ ಡಬ್ಬಿ ಕಪ್ಪು ಪೇಂಟು, ಬ್ರಶ್ಶು ತಂದಿಟ್ಟಿದ್ದೇನೆ. ಏಣಿ ಪಕ್ಕದ ಮನೆಯಲ್ಲಿ ಸಿಗುತ್ತದೆ. ಹಿಡಿದುಕೊಳ್ಳಲು ಒಬ್ಬ ಬೇಕು.

ಇಂತಿ ನಿನ್ನ,
ಗಡಿಯಾಚೆಯ ಗೆಳೆಯ