ಫ್ಲ್ಯಾಂಜಿನ ಮೇಲಿನ 150 ಒತ್ತಡದ ಅಂಕಿಯಲ್ಲ

ಮಾನ್ಯರೇ,

ಹಬೆ ಬಳಸುವ ಕಾರ್ಖಾನೆಗಳಲ್ಲಿ ಅವಘಡವಾದರೆ ಪತ್ರಿಕೆಗಳಲ್ಲಿ ಅದು ಬಹುಮಟ್ಟಿಗೆ ‘ಬಾಯ್ಲರ್ ಸ್ಫೋಟ’ ಎಂಬ ಒಂದೇ ತಲೆಬರಹದಡಿ ಅಚ್ಚಾಗುತ್ತದೆ. ಬಾಯ್ಲರಿನ ಮೇಲೆ ಸರ್ಕಾರದ ಕಣ್ಣಿದೆ. ಅದಕ್ಕೆ ನೋಂದಣಿ ಸಂಖ್ಯೆಯಿದೆ, ನಿಗದಿತ ತಪಾಸಣೆಯಿದೆ, ಸೇಫ್ಟಿ ವಾಲ್ವ್ ಇದೆ, ಪರೀಕ್ಷೆ ಪಾಸಾದ ಅಟೆಂಡೆಂಟ್ ಇರುತ್ತಾನೆ. ಆದರೆ ಬಾಯ್ಲರಿನಿಂದ ಹೊರಟು ಯಂತ್ರಗಳ ತನಕ ಹಬೆಯನ್ನು ಒಯ್ಯುವ ಸ್ಟೀಮ್ ಲೈನ್, ಅದರಲ್ಲೂ ಪೈಪು, ವಾಲ್ವುಗಳನ್ನು ಬೋಲ್ಟು ಬಿಗಿದು ಕೂಡಿಸುವ ಫ್ಲ್ಯಾಂಜುಗಳು, ಸಣ್ಣ ಕಾರ್ಖಾನೆಗಳಲ್ಲಿ ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ, ಎಷ್ಟೋ ಸಲ ಫೋನಿನಲ್ಲೇ, ತೀರ್ಮಾನವಾಗಿಬಿಡುತ್ತವೆ. ಆ ತೀರ್ಮಾನದಲ್ಲಿ ಮತ್ತೆ ಮತ್ತೆ ನುಸುಳುವ ಒಂದು ತಪ್ಪು ತಿಳಿವಳಿಕೆಯನ್ನು ತಮ್ಮ ಓದುಗರ, ಮುಖ್ಯವಾಗಿ ಅಕ್ಕಿ ಗಿರಣಿ, ಬಣ್ಣಗಾರಿಕೆ, ಪ್ಲೈವುಡ್ ಮತ್ತು ಆಹಾರ ತಯಾರಿಕೆಯ ಘಟಕಗಳನ್ನು ನಡೆಸುವವರ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ನಮ್ಮಲ್ಲಿ ಹಬೆ ಮಾರ್ಗಗಳಿಗೆ ಹೆಚ್ಚಾಗಿ ಬಳಕೆಯಾಗುವುದು ಅಮೆರಿಕದ ಎಎಸ್‌ಎಂಇ ಬಿ16.5 ಮಾನದಂಡದ ಫ್ಲ್ಯಾಂಜುಗಳು. ಅರ್ಧ ಇಂಚಿನಿಂದ 24 ಇಂಚಿನವರೆಗಿನ ಪೈಪುಗಳಿಗೆ ಅನ್ವಯಿಸುವ ಈ ಮಾನದಂಡದಲ್ಲಿ 150, 300, 400, 600, 900, 1500, 2500 ಎಂಬ ಏಳು ದರ್ಜೆಗಳಿವೆ. ಅಂಗಡಿಯಲ್ಲಿ ಇವನ್ನು ‘150 ಪೌಂಡ್’, ‘300 ಪೌಂಡ್’ ಎಂದು ಕರೆಯುವುದರಿಂದ ಅವು ಚದರ ಇಂಚಿಗೆ ಅಷ್ಟು ಪೌಂಡ್ ಒತ್ತಡವನ್ನು ತಡೆಯುತ್ತವೆಂದು ಕೇಳಿದವರು ಭಾವಿಸುವುದು ಸಹಜ. ವಾಸ್ತವದಲ್ಲಿ ಆ ಅಂಕಿಗಳು ದರ್ಜೆಯ ಹೆಸರುಗಳು ಮಾತ್ರ. ಒಂದು ಫ್ಲ್ಯಾಂಜ್ ಎಷ್ಟು ಒತ್ತಡ ತಾಳುತ್ತದೆ ಎಂಬುದನ್ನು ಹೇಳಬೇಕಾದರೆ ದರ್ಜೆಯ ಜೊತೆಗೆ ಅದು ಯಾವ ಲೋಹದ್ದು, ಅದರೊಳಗೆ ಹರಿಯುವುದರ ಉಷ್ಣತೆ ಎಷ್ಟು ಎಂಬ ಎರಡೂ ಸಂಗತಿಗಳು ಗೊತ್ತಿರಬೇಕು.

ಸಾಮಾನ್ಯ ಕಾರ್ಬನ್ ಸ್ಟೀಲಿನ, ಅಂದರೆ ಎ105 ಎಂಬ ಗುರುತಿನ, ಬಡಿದು ರೂಪಿಸಿದ ಉಕ್ಕಿನ, 150 ದರ್ಜೆಯ ಫ್ಲ್ಯಾಂಜನ್ನೇ ತೆಗೆದುಕೊಳ್ಳೋಣ. 38 ಡಿಗ್ರಿ ಸೆಲ್ಸಿಯಸ್‌ವರೆಗೆ ಅದಕ್ಕೆ 19.6 ಬಾರ್ ಒತ್ತಡದ ಅನುಮತಿಯಿದೆ (ಒಂದು ಬಾರ್ ಎಂದರೆ ಚದರ ಇಂಚಿಗೆ ಸುಮಾರು 14.5 ಪೌಂಡ್). 100 ಡಿಗ್ರಿಯಲ್ಲಿ ಅದು 17.7 ಬಾರ್‌ಗೆ ಇಳಿಯುತ್ತದೆ. 200 ಡಿಗ್ರಿಯಲ್ಲಿ 13.8, 300 ಡಿಗ್ರಿಯಲ್ಲಿ 10.2, 400 ಡಿಗ್ರಿಯಲ್ಲಿ ಕೇವಲ 6.5 ಬಾರ್. ಬಿಸಿಯಾದಂತೆ ಉಕ್ಕು ಶಾಶ್ವತವಾಗಿ ಬಾಗದೆ ತಾಳಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಅದರ ಮೇಲೆ 150 ದರ್ಜೆಯ ಫ್ಲ್ಯಾಂಜಿನ ತೆಳುವಾದ ಆಕಾರವನ್ನು ಗಮನದಲ್ಲಿಟ್ಟು ಮಾನದಂಡವೇ ಒಂದು ಮೇಲ್ಮಿತಿಯನ್ನು ಹಾಕಿದೆ. ಈ ಮೇಲ್ಮಿತಿಯ ಕಾರಣದಿಂದ, ಕಾರ್ಬನ್ ಸ್ಟೀಲಿನ ಬದಲು ದುಬಾರಿ ಕ್ರೋಮ್-ಮಾಲಿಬ್ಡಿನಂ ಮಿಶ್ರಲೋಹವನ್ನು ತಂದರೂ 250 ಡಿಗ್ರಿಯಲ್ಲಿ 150 ದರ್ಜೆಗೆ ಸಿಗುವುದು ಕಾರ್ಬನ್ ಸ್ಟೀಲಿಗಿರುವ ಅದೇ 12.1 ಬಾರ್. ಹಣ ಹೆಚ್ಚು ಕೊಟ್ಟ ಮಾತ್ರಕ್ಕೆ ದರ್ಜೆ ಏರುವುದಿಲ್ಲ.

ಈಗ ನಮ್ಮ ಊರುಗಳ ಬಾಯ್ಲರ್‌ಗಳತ್ತ ಬರೋಣ. ಗಂಗಾವತಿ, ಕಾರಟಗಿಯ ಕುಸುಬಲಕ್ಕಿ ಗಿರಣಿಗಳಿಂದ ಹಿಡಿದು ಪೀಣ್ಯ, ದೊಡ್ಡಬಳ್ಳಾಪುರದ ಘಟಕಗಳವರೆಗೆ ಹೆಚ್ಚಾಗಿ ಕಾಣಸಿಗುವುದು ‘ಹತ್ತೂವರೆ ಕೆ.ಜಿ.’ ಮತ್ತು ‘ಹದಿನೇಳೂವರೆ ಕೆ.ಜಿ.’ ಬಾಯ್ಲರ್‌ಗಳು. ಮೊದಲನೆಯದರ ನಿಖರ ಅಂಕಿ ಚದರ ಸೆಂಟಿಮೀಟರಿಗೆ 10.54 ಕಿಲೋಗ್ರಾಂ, ಅಂದರೆ ಸರಿಯಾಗಿ 150 ಪೌಂಡ್ ಒತ್ತಡ. ಅದರ ಹಬೆ ಸುಮಾರು 185 ಡಿಗ್ರಿ ಬಿಸಿಯಿರುತ್ತದೆ; ಆ ಉಷ್ಣತೆಯಲ್ಲಿ 150 ದರ್ಜೆಯ ಕಾರ್ಬನ್ ಸ್ಟೀಲ್ ಫ್ಲ್ಯಾಂಜಿಗೆ 14 ಬಾರ್‌ಗಿಂತ ಸ್ವಲ್ಪ ಹೆಚ್ಚಿನ ಅನುಮತಿಯಿದೆ; ಲೈನಿನಲ್ಲಿರುವುದು 10.3 ಬಾರ್. ಹಾಗಾಗಿ ಅಲ್ಲಿ ತೊಂದರೆಯಿಲ್ಲ. ದುರದೃಷ್ಟವೆಂದರೆ, ಹೀಗೆ ತೊಂದರೆಯಿಲ್ಲದೆ ನಡೆದದ್ದೇ ‘150 ಪೌಂಡಿನ ಬಾಯ್ಲರಿಗೆ 150 ಪೌಂಡಿನ ಫ್ಲ್ಯಾಂಜ್’ ಎಂಬ ಹುಸಿ ಸೂತ್ರವನ್ನು ಗಟ್ಟಿ ಮಾಡಿಬಿಟ್ಟಿದೆ. ಎರಡು ಅಂಕಿಗಳು ಆಕಸ್ಮಿಕವಾಗಿ ಒಂದಾದದ್ದನ್ನು ನಿಯಮವೆಂದು ನಂಬಿದ ಮೇಲೆ, ಉತ್ಪಾದನೆ ಹೆಚ್ಚಿಸಲು ಹದಿನೇಳೂವರೆ ಕೆ.ಜಿ. ಬಾಯ್ಲರ್ ತಂದಾಗ ಲೆಕ್ಕ ಹೀಗೆ ಸಾಗುತ್ತದೆ: 17.5 ಕೆ.ಜಿ. ಎಂದರೆ 17.2 ಬಾರ್, ಫ್ಲ್ಯಾಂಜಿಗೆ 19.6 ಬಾರ್ ತಾಕತ್ತಿದೆ ಎಂದು ಅಂಗಡಿಯವರೇ ಹೇಳಿದ್ದಾರೆ, ಆದ್ದರಿಂದ ಹಳೆಯ ಸ್ಟಾಕನ್ನೇ ಬಳಸಬಹುದು.

ಆದರೆ 17.5 ಕೆ.ಜಿ. ಒತ್ತಡದ ಹಬೆಯ ಉಷ್ಣತೆ ಸುಮಾರು 207 ಡಿಗ್ರಿ. ಅಷ್ಟು ಬಿಸಿಯಲ್ಲಿ ಅದೇ ಫ್ಲ್ಯಾಂಜಿಗೆ ಅನುಮತಿಯಿರುವುದು ಸುಮಾರು 13.5 ಬಾರ್. ಲೈನಿನ ಒತ್ತಡ ಅದಕ್ಕಿಂತ ಮೂರೂವರೆ ಬಾರ್‌ಗೂ ಮಿಗಿಲು, ಅಂದರೆ ಕಾಲು ಭಾಗಕ್ಕಿಂತ ಅಧಿಕ. 19.6 ಎಂಬ ಅಂಕಿ ಸುಳ್ಳಲ್ಲ, ಆದರೆ ಅದು ತಣ್ಣೀರಿಗೆ ಸಲ್ಲುವ ಅಂಕಿ. ಹಬೆಯ ಒತ್ತಡ ಏರಿದಂತೆ ಅದರ ಉಷ್ಣತೆಯೂ ಏರುವುದರಿಂದ ಈ ಫ್ಲ್ಯಾಂಜಿನ ಮಿತಿ ಎರಡು ಕಡೆಯಿಂದ ಕಿರಿದಾಗುತ್ತದೆ. ಏರುವ ಹಬೆಯ ಒತ್ತಡ, ಇಳಿಯುವ ಫ್ಲ್ಯಾಂಜಿನ ಮಿತಿ ಎರಡೂ ಸಂಧಿಸುವುದು ಹೆಚ್ಚುಕಡಿಮೆ 13.9 ಬಾರ್ ಒತ್ತಡದಲ್ಲಿ, 198 ಡಿಗ್ರಿಯ ಆಸುಪಾಸಿನಲ್ಲಿ. ಅದರಾಚೆಗೆ ಯಾವ ಸ್ಟೀಮ್ ಲೈನಿಗೂ 150 ದರ್ಜೆ ಸಲ್ಲದು. 300 ದರ್ಜೆಯ ಕಾರ್ಬನ್ ಸ್ಟೀಲ್ ಫ್ಲ್ಯಾಂಜಿಗೆ 200 ಡಿಗ್ರಿಯಲ್ಲಿ 43.8 ಬಾರ್ ಅನುಮತಿಯಿರುವುದರಿಂದ ಹದಿನೇಳೂವರೆ ಕೆ.ಜಿ. ಬಾಯ್ಲರಿಗೆ ಸರಿಯಾದ ಆಯ್ಕೆ ಅದೇ. ವ್ಯತ್ಯಾಸದ ಖರ್ಚು ಬಾಯ್ಲರಿನ ಬೆಲೆಯ ಮುಂದೆ ಏನೂ ಅಲ್ಲ, ಆದರೆ ಉಳಿತಾಯದ ಕತ್ತರಿ ಮೊದಲು ಬೀಳುವುದು ಇಂಥ ಕಣ್ಣಿಗೆ ಬೀಳದ ಸಾಮಾನುಗಳ ಮೇಲೆಯೇ.

‘ಹೈಡ್ರೋ ಟೆಸ್ಟ್ ಪಾಸಾಗಿದೆಯಲ್ಲ’ ಎಂಬುದು ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ. ಆ ಪರೀಕ್ಷೆಯನ್ನು ತಣ್ಣೀರು ತುಂಬಿ, ಸಾಮಾನ್ಯವಾಗಿ ವಿನ್ಯಾಸದ ಒತ್ತಡದ ಒಂದೂವರೆ ಪಟ್ಟಿಗೆ ಮಾಡುತ್ತಾರೆ. 17.2 ಬಾರ್‌ನ ಒಂದೂವರೆ ಪಟ್ಟು ಎಂದರೆ ಸುಮಾರು 26 ಬಾರ್. ತಣ್ಣಗಿರುವಾಗ 150 ದರ್ಜೆಯ ವ್ಯವಸ್ಥೆಯನ್ನು 30 ಬಾರ್‌ವರೆಗೂ ಪರೀಕ್ಷಿಸಬಹುದು. ಆದ್ದರಿಂದ ತಪ್ಪು ಫ್ಲ್ಯಾಂಜ್ ಕೂಡ ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ಉತ್ತೀರ್ಣವಾಗುತ್ತದೆ. ಬೆಸುಗೆಯ ದೋಷ, ಗ್ಯಾಸ್ಕೆಟ್ (ಎರಡು ಫ್ಲ್ಯಾಂಜುಗಳ ನಡುವೆ ಸೋರಿಕೆ ತಡೆಯುವ ಪದರ) ಕೂರಿಸುವಲ್ಲಿನ ದೋಷ ಇದರಿಂದ ತಿಳಿಯಬಹುದೇ ಹೊರತು ಬಿಸಿಯಲ್ಲಿ ಕುಗ್ಗುವ ಶಕ್ತಿಯ ಬಗ್ಗೆ ಅದು ಏನನ್ನೂ ಹೇಳಲಾರದು.

ಮಿತಿ ಮೀರಿದ ಫ್ಲ್ಯಾಂಜ್ ಮೊದಲ ದಿನವೇ ಸಿಡಿಯುತ್ತದೆಂದು ನಾನು ಹೇಳುತ್ತಿಲ್ಲ. ಹಾಗೆ ಹೆದರಿಸುವವರ ಮಾತನ್ನು ಫಿಟ್ಟರ್‌ಗಳು ಎರಡನೇ ಸಲ ಕೇಳುವುದಿಲ್ಲ. ನಿಜವಾಗಿ ನಡೆಯುವುದು ನಿಧಾನದ ಕೆಲಸ. ಒತ್ತಡಕ್ಕೆ ಫ್ಲ್ಯಾಂಜಿನ ಅಂಚು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ, ಗ್ಯಾಸ್ಕೆಟ್ ಮೇಲಿನ ಬಿಗಿ ಒಂದು ಬದಿಯಲ್ಲಿ ಸಡಿಲವಾಗುತ್ತದೆ. ಸಣ್ಣ ಘಟಕಗಳಲ್ಲಿ ರಾತ್ರಿ ಬಾಯ್ಲರ್ ಆರಿಸಿ ಬೆಳಿಗ್ಗೆ ಮತ್ತೆ ಉರಿಸುವುದರಿಂದ ಜೋಡಣೆ ದಿನವೂ ಹಿಗ್ಗಿ ಕುಗ್ಗುತ್ತದೆ. 150 ದರ್ಜೆಯ ಜೋಡಣೆಗಳು 200 ಡಿಗ್ರಿ ಮೀರಿದಾಗ, ಹೊರಗಿನ ಭಾರ ಮತ್ತು ಉಷ್ಣತೆಯ ಏರಿಳಿತದ ಬಗ್ಗೆ ಎಚ್ಚರ ವಹಿಸದಿದ್ದರೆ ಸೋರಬಹುದೆಂದು ಬಿ16.5 ಮಾನದಂಡವೇ ಎಚ್ಚರಿಸಿದೆ. ಸೋರಿಕೆ ಕಂಡಾಗ ಫಿಟ್ಟರ್ ಸ್ಪ್ಯಾನರಿಗೆ ಪೈಪು ತೂರಿಸಿ, ಲೈನಿನಲ್ಲಿ ಹಬೆಯಿರುವಾಗಲೇ ಬೋಲ್ಟು ಬಿಗಿಯುತ್ತಾನೆ. ಆ ಬೋಲ್ಟು ಬಿ7 ದರ್ಜೆಯ ಬಲವಾದ ಮಿಶ್ರಲೋಹದ ಸ್ಟಡ್ ಆಗಿರದೆ ತೂಕಕ್ಕೆ ತಂದ ಸಾದಾ ಬೋಲ್ಟಾಗಿದ್ದರೆ ಅದು ಜಗ್ಗಿ ಉದ್ದವಾಗಿಬಿಡುತ್ತದೆ. ಇಂಥ ಕಡಿಮೆ ಬಲದ ಕಾರ್ಬನ್ ಸ್ಟೀಲ್ ಬೋಲ್ಟುಗಳನ್ನು 200 ಡಿಗ್ರಿಗಿಂತ ಮೇಲೆ ಬಳಸಬಾರದೆಂಬ ನಿಯಮ ಅದೇ ಮಾನದಂಡದಲ್ಲಿದೆ. ಮುಂದಿನ ಹಂತದಲ್ಲಿ ಗ್ಯಾಸ್ಕೆಟ್ ಹಾರಿಹೋದರೆ ಎದುರಿಗಿರುವುದು ಆ ಫಿಟ್ಟರನ ಮುಖ. ಲೈನಿನಿಂದ ಚಿಮ್ಮುವ ಒಣ ಹಬೆ ಹೊರಬಂದ ಜಾಗದಲ್ಲಿ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನು ಹೊಸಬರಿಗೆ ಎಷ್ಟು ಸಲ ಹೇಳಿದರೂ ಸಾಲದು.

ಸ್ಟೇನ್‌ಲೆಸ್ ಸ್ಟೀಲಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹಾಲು, ಔಷಧ ಮತ್ತು ಆಹಾರ ಘಟಕಗಳಲ್ಲಿ ‘ಎಸ್‌ಎಸ್ ಹಾಕಿದ್ದೇವೆ, ಇನ್ನೇನು ಭಯ’ ಎಂಬ ಮಾತು ಕೇಳಿಬರುತ್ತದೆ. ತುಕ್ಕಿನ ವಿಷಯದಲ್ಲಿ ಆ ಮಾತು ಸರಿ, ಬಲದ ವಿಷಯದಲ್ಲಿ ತಿರುವುಮುರುವು. 316ಎಲ್ ಲೋಹದ 150 ದರ್ಜೆಯ ಫ್ಲ್ಯಾಂಜಿಗೆ ತಣ್ಣಗಿರುವಾಗಲೇ ಇರುವುದು 15.9 ಬಾರ್, 200 ಡಿಗ್ರಿಯಲ್ಲಿ 11.2 ಬಾರ್. ಹತ್ತೂವರೆ ಕೆ.ಜಿ. ಹಬೆಗೆ ಕಾರ್ಬನ್ ಸ್ಟೀಲ್ ಕೊಡುತ್ತಿದ್ದ ನಾಲ್ಕು ಬಾರ್‌ನ ಅವಕಾಶ ಇಲ್ಲಿ ಒಂದು ಬಾರ್‌ನ ಆಸುಪಾಸಿಗೆ ಇಳಿಯುತ್ತದೆ. ಫ್ಲ್ಯಾಂಜ್ ಹೊಳೆಯುತ್ತಿದೆ ಎಂಬ ಕಾರಣಕ್ಕೆ ಅದನ್ನು ಹೆಚ್ಚು ಬಲಶಾಲಿ ಎನ್ನಲಾಗದು.

ಇನ್ನು ರಂಧ್ರ ಕೂಡಿದರೆ ಸಾಕೆನ್ನುವ ಅಭ್ಯಾಸ. ನಾಲ್ಕು ಇಂಚಿನ ಪೈಪಿಗೆ ಹಳೆಯ ಬ್ರಿಟಿಷ್ ‘ಟೇಬಲ್ ಇ’ ಫ್ಲ್ಯಾಂಜಿನ ಎಂಟು ಬೋಲ್ಟು ರಂಧ್ರಗಳ ವೃತ್ತದ ವ್ಯಾಸ 178 ಮಿಲಿಮೀಟರ್, ಯುರೋಪಿನ ಪಿಎನ್ 16 ಫ್ಲ್ಯಾಂಜಿನದು 180. ಎರಡು ಮಿಲಿಮೀಟರಿನ ಅಂತರವಿದ್ದರೂ ಬೋಲ್ಟುಗಳು ತೂರುತ್ತವೆ, ಎರಡೂ ಕೂಡಿಬಿಡುತ್ತವೆ. ಆದರೆ ಪಿಎನ್ 16 ಫ್ಲ್ಯಾಂಜಿನ ದಪ್ಪ 20 ಮಿಲಿಮೀಟರ್ ಇದ್ದರೆ ಟೇಬಲ್ ಇ ಉಕ್ಕಿನ ಫ್ಲ್ಯಾಂಜಿನ ದಪ್ಪ ಸುಮಾರು 13. ಪಿಎನ್ 16ರ 16 ಬಾರ್ ಸಹ ತಣ್ಣಗಿರುವಾಗಿನ ಅಂಕಿಯೇ. ಜೋಡಣೆಯ ತಾಕತ್ತನ್ನು ನಿರ್ಧರಿಸುವುದು ಎರಡರಲ್ಲಿ ದುರ್ಬಲವಾದ ಫ್ಲ್ಯಾಂಜ್. ನಡುವಿನ ಗ್ಯಾಸ್ಕೆಟ್ ಇನ್ನೂ ದುರ್ಬಲವಾಗಿದ್ದರೆ ಅದು.

ಕಾನೂನಿನಲ್ಲಿ ಕೊರತೆಯಿಲ್ಲ. 3.5 ಕೆ.ಜಿ. ಒತ್ತಡ ಮೀರಿದ ಹಬೆ ಕೊಳವೆಗಳು, ಹಾಗೆಯೇ ಒಳವ್ಯಾಸ 254 ಮಿಲಿಮೀಟರ್ ಮೀರಿದವು, 1950ರ ಭಾರತೀಯ ಬಾಯ್ಲರ್ ನಿಯಮಾವಳಿಯ ವ್ಯಾಪ್ತಿಗೆ ಬರುತ್ತವೆ. ಹೊಸ ಲೈನ್ ಹಾಕುವಾಗ ನಕ್ಷೆಗೆ ಅನುಮೋದನೆ ಪಡೆಯುವವರೂ ಇದ್ದಾರೆ. ಲೋಪವಾಗುವುದು ಅನಂತರದ ವರ್ಷಗಳಲ್ಲಿ: ಒಂದು ವಾಲ್ವ್ ಬದಲಾಗುತ್ತದೆ, ಹೊಸ ಯಂತ್ರಕ್ಕೊಂದು ಕವಲು ಎಳೆಯುತ್ತಾರೆ, ಭಾನುವಾರದ ಶಟ್‌ಡೌನ್‌ನಲ್ಲಿ ಸಿಕ್ಕ ಫ್ಲ್ಯಾಂಜ್ ಬೆಸೆಯುತ್ತಾರೆ. ಇದಕ್ಕೆ ನಕ್ಷೆಯೂ ಇರುವುದಿಲ್ಲ, ಟೆಸ್ಟ್ ಸರ್ಟಿಫಿಕೇಟೂ ಇರುವುದಿಲ್ಲ.

ಆದ್ದರಿಂದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯು ತಪಾಸಣೆಯ ವೇಳೆ ಬಾಯ್ಲರ್ ಮನೆಯ ಬಾಗಿಲಿನಾಚೆಗೂ ನಾಲ್ಕು ಹೆಜ್ಜೆ ನಡೆದು, ಲೈನಿನ ಫ್ಲ್ಯಾಂಜುಗಳ ಮೇಲೆ ಅಚ್ಚೊತ್ತಿರುವ ದರ್ಜೆ, ಲೋಹ ಮತ್ತು ಹೀಟ್ ನಂಬರುಗಳನ್ನು (ಉಕ್ಕು ಯಾವ ಎರಕದ್ದೆಂಬ ಗುರುತು) ನೋಡಬೇಕೆಂದು ಕೋರುತ್ತೇನೆ. ಅಚ್ಚೇ ಇಲ್ಲದ ಫ್ಲ್ಯಾಂಜ್ ಹಬೆಯ ಲೈನಿನಲ್ಲಿ ಇರಬಾರದು. ಐಟಿಐ ಫಿಟ್ಟರ್ ವಿದ್ಯಾರ್ಥಿಗಳಿಗೂ ಬಾಯ್ಲರ್ ಅಟೆಂಡೆಂಟ್ ಪರೀಕ್ಷೆಗೆ ಕೂರುವವರಿಗೂ ಒತ್ತಡ-ಉಷ್ಣತೆಯ ಕೋಷ್ಟಕವನ್ನು ಕನ್ನಡದಲ್ಲಿ ಮುದ್ರಿಸಿ ಕೊಡುವುದು ಒಂದು ಹಾಳೆಯ ಕೆಲಸ. ಮಾಲೀಕರು ಮಾಡಬೇಕಾದ್ದು ಅದಕ್ಕಿಂತಲೂ ಕಡಿಮೆ: ಖರೀದಿ ಪತ್ರದಲ್ಲಿ ‘ನಾಲ್ಕು ಇಂಚು, 150 ಪೌಂಡ್, ಹತ್ತು ನಗ’ ಎಂದಷ್ಟೇ ಬರೆಯದೆ, ಲೋಹ ಯಾವುದು, ಲೈನಿನ ಗರಿಷ್ಠ ಒತ್ತಡ ಮತ್ತು ಗರಿಷ್ಠ ಉಷ್ಣತೆ ಎಷ್ಟು ಎಂಬುದನ್ನೂ ಸೇರಿಸಿ, ಸರ್ಟಿಫಿಕೇಟ್ ಇಲ್ಲದೆ ಬಂದ ಮಾಲನ್ನು ಸ್ಟೋರಿನೊಳಗೆ ಬಿಟ್ಟುಕೊಳ್ಳಬಾರದು.

ಇಂತಿ,
ನಿವೃತ್ತ ಪೈಪಿಂಗ್ ಎಂಜಿನಿಯರ್
ದಾವಣಗೆರೆ