ತನೋಟ್ ರಸ್ತೆಲಿ ಸಿಕ್ಕ ಆ ಅಜ್ಜನಿಗೆ

ಜೈಸಲ್ಮೇರ್‌ನಿಂದ ತನೋಟ್ ಮಾತಾ ಗುಡಿ, 1971ರ ಯುದ್ಧದಲ್ಲಿ ಕಾಳಗ ನಡೆದ ಲೋಂಗೇವಾಲಾ ಎರಡೂ ನೋಡ್ಕೊಂಡು ಸಂಜೆಗೆ ವಾಪಸ್ ಅಂತ ಹೊರಟಿದ್ವಿ, ರಾಮ್‌ಗಢ ದಾಟಿದ್ಮೇಲೆ ಎರಡೂ ಕಡೆ ಬರೀ ಮರಳು, ಮಧ್ಯ ನೆಟ್ಟಗೆ ಟಾರ್ ರೋಡು, ಎಷ್ಟು ಚಂದ ಅಂದ್ರೆ ಫೋಟೋಗೆ ಅಂತ ಕಾರು ಸ್ವಲ್ಪ ಪಕ್ಕಕ್ಕೆ ಇಳಿಸಿದೆ, ಮುಂದಿನ ಚಕ್ರ ಹೂತೋಯ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಒಳಗೇ ಹೋಗ್ತಿತ್ತು. ನೆಟ್‌ವರ್ಕ್ ಇಲ್ಲ. ಅಮ್ಮ ಹಿಂದಿನ ಸೀಟಲ್ಲಿ ಅರ್ಧ ಬಾಟಲಿ ನೀರು ಹಿಡ್ಕೊಂಡು ಮಾತೇ ಆಡ್ದೆ ಕೂತಿದ್ರು.

ಮುಕ್ಕಾಲು ಗಂಟೆ ಆದ್ಮೇಲೆ ಮೇಕೆ ಹೊಡ್ಕೊಂಡು ಕೆಂಪು ಪೇಟದ ಅಜ್ಜ ಒಬ್ರು ಬಂದ್ರು. ಏನೂ ಕೇಳ್ಲಿಲ್ಲ, ಕೈ ಸನ್ನೆಲೇ ಇಂಜಿನ್ ಆಫ್ ಮಾಡ್ಸಿ, ಮೊಣಕಾಲೂರಿ ಆ ಸುಡೋ ಮರಳನ್ನ ಬರಿಗೈಲೇ ತೋಡಿದ್ರು, ಕಡ್ಡಿಯಿಂದ ವಾಲ್ವ್ ಒತ್ತಿ ಟೈರ್ ಗಾಳಿ ಅರ್ಧ ಇಳಿಸಿದ್ರು, ಟೈರ್ ಅಗಲ ಆದ್ರೆ ಹೂತ್ಕೊಳ್ಳಲ್ಲ ಅಂತ ಅಂಗೈ ಅಗಲಿಸಿ ತೋರಿಸಿದ್ರು. ಆಮೇಲೆ ಎಕ್ಕದ ಗಿಡ ಮುರಿದು ಚಕ್ರದಡಿ ಹಾಸಿದ್ರು, ನಮ್ಮೂರಲ್ಲಿ ಬೆಳೆಯುತ್ತಲ್ಲ ಅದೇ ಎಕ್ಕ. 'ಧೀರೇ ಬೇಟಾ, ಧೀರೇ' ಅಂತ ಬಾನೆಟ್ ತಟ್ತಾ ಇದ್ರು, ಕಾರು ಮೆಲ್ಲಗೆ ಮೇಲೆ ಬಂತು. ಅಮ್ಮಂಗೆ ಅಳು ತಡೆಯೋಕಾಗ್ಲಿಲ್ಲ.

ದುಡ್ಡು ಕೊಟ್ರೆ ಮಡಚಿ ನನ್ನ ಜೇಬಿಗೇ ವಾಪಸ್ ಇಟ್ರು. ಅಮ್ಮ ಕೊಟ್ಟ ರವೆ ಉಂಡೆ ಮಾತ್ರ ಎರಡೂ ಕೈಲಿ ಇಸ್ಕೊಂಡು ಪೇಟದ ಸೆರಗಲ್ಲಿ ಕಟ್ಕೊಂಡ್ರು. ಹೆಸರೂ ಕೇಳ್ಲಿಲ್ಲ ಅಜ್ಜ, ನಿಮಗೆ ನಮ್ಮನೆಯವರೆಲ್ಲರ ನಮಸ್ಕಾರ.