ಗುಡ್ಡದ ಮೇಲೆ ಹುಲ್ಲು ಹಚ್ಚಿದ ನಮ್ಮೂರ ಕೈಗಳಿಗೆ ಶರಣು

ಮೊನ್ನೆ ಕೊಡಗಿನಿಂದ ಫೋಟೊ ಬಂತು. ಅಲ್ಲಿನ ಗಾಲ್ಫ್ ಮೈದಾನದಲ್ಲಿ ನಾವು ಕಟ್ಟಿದ ಎರಡೂ ಗ್ರೀನ್, ಅಂದರೆ ಚೆಂಡು ಬೀಳಿಸುವ ಕುಳಿಯ ಸುತ್ತಲಿನ ಹುಲ್ಲಿನ ಜಾಗ, ಆಟಕ್ಕೆ ಬಿಟ್ಟಿದ್ದಾರೆ. ಹುಲ್ಲು ಒಂದೇ ಸಮ ಇದೆ, ಎಲ್ಲೂ ಬೋಳು ಬಿದ್ದಿಲ್ಲ. ನೋಡಿ ಕಣ್ಣು ತುಂಬಿ ಬಂತು. ಈ ಕೆಲಸಕ್ಕೆ ದುಡಿದವರಿಗೆಲ್ಲ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳಬೇಕು ಅಂತ ಆಗಿನಿಂದ ಮನಸ್ಸಿನಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕುಷ್ಟಗಿ, ಯಲಬುರ್ಗಾ ಕಡೆಯ ನಮ್ಮ ಗ್ಯಾಂಗ್ ಕಳೆದ ಅಕ್ಟೋಬರ್‌ನಲ್ಲಿ ಕೊಡಗಿನ ಒಂದು ಗಾಲ್ಫ್ ಮೈದಾನದ ಕೆಲಸಕ್ಕೆ ಹೋಗಿತ್ತು. ಕೊಪ್ಪಳ, ರಾಯಚೂರು ಕಡೆ ಗುಳೆ ಹೋಗೋದು ಹೊಸದೇನಲ್ಲ. ಬೆಂಗಳೂರಿನ ಕಟ್ಟಡ, ಮಂಗಳೂರು, ಗೋವಾ ಎಲ್ಲ ನೋಡಿ ಬಂದವರೇ ಜಾಸ್ತಿ. ಆದರೆ ಗಾಲ್ಫ್ ಮೈದಾನಕ್ಕೆ ಕಾಲಿಟ್ಟವರು ನಮ್ಮಲ್ಲಿ ಯಾರೂ ಇರಲಿಲ್ಲ. ನಾನು ಮುನಿರಾಬಾದಿನಲ್ಲಿ ತೋಟಗಾರಿಕೆ ಓದಿ, ಆಮೇಲೆ ಬೆಂಗಳೂರಲ್ಲಿ ಹುಲ್ಲಿನ ಕೆಲಸ ಕಲಿತವನು. ಈ ಕೆಲಸದ ಉಸ್ತುವಾರಿ ನನ್ನದಾಗಿತ್ತು. ಗ್ಯಾಂಗ್ ಎಲ್ಲಿಂದ ತರ್ತೀಯಾ ಅಂತ ಕೇಳಿದಾಗ ನಮ್ಮೂರಿಂದಲೇ ತರ್ತೀನಿ ಅಂದಿದ್ದೆ.

ಗುಡ್ಡದ ಮೈದಾನದಲ್ಲಿ ಮಣ್ಣಿನ ಕೆಲಸಕ್ಕೆ ಸಿಗುವ ಹಂಗಾಮು ಬಹಳ ಚಿಕ್ಕದು. ಮಡಿಕೇರಿ ಸುತ್ತ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ನಮ್ಮ ಕೊಪ್ಪಳದಲ್ಲಿ 600ರ ಆಸುಪಾಸು, ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ನೆಲ ಅಗೆಯೋ ಮಾತೇ ಇಲ್ಲ. ಡಿಸೆಂಬರ್ ಚಳಿ ಬಂದರೆ ಹುಲ್ಲು ಬೆಳೆಯೋದು ನಿಧಾನವಾಗುತ್ತದೆ. ಅಗೆಯೋದು, ಪೈಪ್ ಹಾಕೋದು, ಉಸುಕು ತುಂಬೋದು, ಹುಲ್ಲು ಹಚ್ಚೋದು, ಅದು ಬೇರು ಬಿಡೋದು ಎಲ್ಲವೂ ನಡುವಿನ ಆ ಸ್ವಲ್ಪ ದಿನದಲ್ಲೇ ಆಗಬೇಕು.

ಮೊದಲ ಶರಣು ನಮ್ಮ ಕಾಕಾಗೆ. ಜೀವನ ಪೂರ್ತಿ ಹೊಲಕ್ಕೆ ಒಡ್ಡು ಹಾಕಿದ ಮನುಷ್ಯ. ಗ್ರೀನ್ ಅಂದರೆ ಕುಳಿ ಇರುವ ಜಾಗ. ಕುಳಿಯ ಅಗಲ 4.25 ಇಂಚು. ಅದರ ಸುತ್ತ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರ್‌ಗೆ ಕತ್ತರಿಸಿ ಇಡುತ್ತಾರೆ. ಮೇಲೆ ಕಾಣೋದು ಅಷ್ಟೇ, ನಿಜವಾದ ಕೆಲಸ ಇರೋದು ಕೆಳಗೆ. ನೆಲ ಇಳಿಜಾರು ಮಾಡಿ, ಕಾಲುವೆ ತೋಡಿ, ತೂತಿನ ಪೈಪ್ ಹಾಕಿ, ಅದರ ಮೇಲೆ 4 ಇಂಚು ಕಡಿ (ಜಲ್ಲಿ), ಕಡಿಯ ಮೇಲೆ 12 ಇಂಚು ಉಸುಕು. ಸಣ್ಣ ಉಸುಕಿನ ಕೆಳಗೆ ದಪ್ಪ ಕಡಿ ಇದ್ದರೆ ನೀರು ತಕ್ಷಣ ಕೆಳಗೆ ಇಳಿಯೋದಿಲ್ಲ. ಉಸುಕು ಸಾಕಷ್ಟು ನೀರು ಹಿಡಿದುಕೊಳ್ಳುತ್ತದೆ, ಹುಲ್ಲಿಗೆ ಅದು ಬೇಕು. ತಡೆಯಲಾರದಷ್ಟು ತುಂಬಿದಾಗ ಒಮ್ಮೆಲೇ ಕಡಿಗೆ ಇಳಿದು ಪೈಪಿನಿಂದ ಹೊರಗೆ ಹೋಗುತ್ತದೆ. ಇದನ್ನು ನಾನು ಕಾಗದದ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. ಕಾಕಾ ಅರ್ಧಕ್ಕೇ ತಡೆದು, "ಕೆರಿ ತುಂಬಿದ ಮ್ಯಾಲ ಕೋಡಿ ಹರದಂಗ, ಹೌದಿಲ್ಲೋ?" ಅಂದರು. ನಾಲ್ಕು ಜನಕ್ಕೆ ಅದನ್ನೇ ಹೇಳಿದೆ, ಎಲ್ಲರಿಗೂ ಕೂಡಲೇ ತಿಳಿಯಿತು.

ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದು. ಉಸುಕು ತುಂಬುವ ಮೊದಲೇ ಕಾಕಾ ಮೇಲಿನ ಗುಡ್ಡ ಹತ್ತಿ ನೋಡಿ ಬಂದು, "ತಮ್ಮಾ, ಮೊದ್ಲ ಮ್ಯಾಲಿನ ನೀರಿಗೆ ದಾರಿ ಕೊಡು, ಆಮ್ಯಾಲ ಉಸುಕು ಹಾಕು" ಅಂದರು. ನಕ್ಷೆಯಲ್ಲಿ ಅದು ಇರಲಿಲ್ಲ. ಆದರೂ ಒಂದು ಗ್ರೀನಿನ ಮೇಲ್ಗಡೆ ಅಡ್ಡಕ್ಕೆ ಕಾಲುವೆ ತೋಡಿ, ಬದು ಹಾಕಿದೆವು. ಎರಡನೆಯದಕ್ಕೆ ಹಾಕುವಷ್ಟರಲ್ಲಿ ಹಿಂಗಾರು ಮಳೆ ಬಂದೇಬಿಟ್ಟಿತು. ರಾತ್ರಿಯಿಡೀ ಹೊಡೆಯಿತು. ಬೆಳಿಗ್ಗೆ ಹೋಗಿ ನೋಡಿದರೆ ಕಾಲುವೆ ಇದ್ದ ಗ್ರೀನ್ ಹಾಗೇ ಇದೆ. ಇಲ್ಲದ ಕಡೆ ತಾಡಪತ್ರಿ ಹಾರಿಹೋಗಿ, ಒಂದು ಮಗ್ಗುಲ ಉಸುಕೆಲ್ಲ ಕೊಚ್ಚಿ ಬಂಕರಿಗೆ, ಅಂದರೆ ಆಟಕ್ಕೆಂದೇ ಮಾಡಿದ ಉಸುಕಿನ ಗುಂಡಿಗೆ, ಬಂದು ಬಿದ್ದಿದೆ, ಅದರ ಜೊತೆ ಕೆಂಪು ಮಣ್ಣು. ಮಣ್ಣು ಬೆರೆತ ಉಸುಕು ಗ್ರೀನಿಗೆ ಬರೋದಿಲ್ಲ, ಅದು ನೀರಿನ ದಾರಿ ಮುಚ್ಚಿಬಿಡುತ್ತದೆ. ಎಲ್ಲ ತೆಗೆದು ಹೊಸದಾಗಿ ತುಂಬಬೇಕು. ಟ್ರ್ಯಾಕ್ಟರ್ ಆ ಕೆಸರಲ್ಲಿ ಹತ್ತೋದಿಲ್ಲ. ನಾನು ಬಾಯಿ ಬಿಟ್ಟು ಕೇಳುವ ಮೊದಲೇ ಹುಡುಗರು ಸಲಿಕೆ ಹಿಡಿದಿದ್ದರು, ಅಕ್ಕಂದಿರು ಬುಟ್ಟಿ ಹೊತ್ತು ಸಾಲು ನಿಂತಿದ್ದರು. ಬಂಡಿ ಉಸುಕನ್ನು ತಲೆ ಮೇಲೆ ಹೊತ್ತು ಗುಡ್ಡ ಹತ್ತಿಸಿದ ಜನ ಇವರು. ಆ ದಿನಗಳನ್ನು ನಾನು ಮರೆಯೋದಿಲ್ಲ.

ಇನ್ನು ನಮ್ಮ ಅಕ್ಕಂದಿರ ಮಾತು. ಗ್ರೀನಿಗೆ ಹಚ್ಚುವ ಹುಲ್ಲು ಬರ್ಮುಡಾ, ಅಂದರೆ ನಮ್ಮ ಹೊಲದ ಕರಿಕಿಯ (ಗರಿಕೆಯ) ಜಾತಿಯದೇ. ಎರಿ ಹೊಲಕ್ಕೆ ಕರಿಕಿ ಹೊಕ್ಕಿತು ಅಂದರೆ ಏನು ಗತಿ ಅಂತ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಿಲ್ಲ. ಒಂದು ಗೆಣ್ಣು ಉಳಿದರೂ ಮತ್ತೆ ಚಿಗುರುತ್ತದೆ ಅಂತ ಮಣ್ಣು ಕೆದರಿ ಕೆದರಿ ಆರಿಸಿದವರು ಇವರು. ಮೈದಾನಕ್ಕೆ ಬೆಳೆಸುವ ಆ ತಳಿಗೆ ಬೀಜ ಕಟ್ಟೋದಿಲ್ಲ, ಬಳ್ಳಿ ಕತ್ತರಿಸಿಯೇ ಹಚ್ಚಬೇಕು. ಬಳ್ಳಿಯನ್ನು ಎಷ್ಟು ಉದ್ದ ತುಂಡು ಮಾಡಬೇಕು, ಎರಡು ಗೆಣ್ಣು ಇರಲೇಬೇಕು, ಒಂದು ಉಸುಕಿನ ಒಳಗೆ, ಒಂದು ಹೊರಗೆ, ಇದೆಲ್ಲ ಹೇಳಿಕೊಡೋಕೆ ನಾನು ಒಂದು ದಿನ ಬೇಕು ಅಂದುಕೊಂಡಿದ್ದೆ. ಯಲಬುರ್ಗಾದ ದೊಡ್ಡಕ್ಕ ಒಂದು ಹಿಡಿ ಕೈಗೆ ತಗೊಂಡು ನೋಡಿ, ಉಗುರಲ್ಲಿ ಚಿವುಟಿ, ಬಾಡಿದ್ದನ್ನು ಬದಿಗೆ ಹಾಕಿ, ಹೆಬ್ಬೆರಳಲ್ಲಿ ಒತ್ತಿ ಹಚ್ಚುತ್ತಾ ಹೋದರು. ಅವರ ಹಿಂದೆ ಉಳಿದವರೆಲ್ಲ. ಸಂಜೆಗೆ ನೋಡಿದರೆ ಸಾಲು ನೆಟ್ಟಗೆ. ಅಲ್ಲಿನ ಹಳೇ ಮಾಲಿ, ಇಂಥ ಕೈ ನಾನು ನೋಡಿಲ್ಲ ಅಂದರು. ಈ ಮಾತನ್ನು ನೀವು ನಿಮ್ಮ ಮಕ್ಕಳಿಗೆ ಹೇಳಬೇಕು ಅಕ್ಕ, ಸುಮ್ನೆ ಮಣ್ಣು ಹೊರೋಕೆ ಹೋಗಿದ್ವಿ ಅನ್ನಬೇಡಿ.

ಉಳಿದ ಹಳೇ ಗ್ರೀನ್‌ಗಳಿಗೆ ತೂತು ಹೊಡೆಯೋ ಕೆಲಸ ಇತ್ತು. ಯಂತ್ರ ಬೆರಳು ಗಾತ್ರದ ಮಣ್ಣಿನ ತುಂಡುಗಳನ್ನು ಕಿತ್ತು ಹಾಕುತ್ತದೆ, ಬೇರಿಗೆ ಗಾಳಿ ಆಡಲಿ ಅಂತ. ಆ ತುಂಡುಗಳನ್ನು ಆರಿಸಿ, ತೂತಿಗೆ ಒಣ ಉಸುಕು ತುಂಬಿ ಗುಡಿಸಬೇಕು. ಒಣ ಉಸುಕು ಕೊಡಗಿನಲ್ಲಿ ಅಕ್ಟೋಬರ್‌ನಲ್ಲಿ! ಬಿಸಿಲು ಕಂಡ ಕೂಡಲೇ ತಾಡಪತ್ರಿ ಹಾಸಿ ಹರವೋದು, ಮೋಡ ಕಂಡರೆ ಓಡಿ ಮುಚ್ಚೋದು. ಆ ಓಟ ಓಡಿದ ಹುಡುಗರಿಗೆಲ್ಲ ಥ್ಯಾಂಕ್ಸ್ ಕಣ್ರೋ.

ಕೊಡಗಿನವರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಆ ಚಳಿ ನಮ್ಮವರಿಗೆ ಅಭ್ಯಾಸವಿಲ್ಲ. ಪಕ್ಕದ ಕಾಫಿ ತೋಟದ ಅಜ್ಜಿ ಮನೆಯಲ್ಲಿದ್ದ ಸ್ವೆಟರ್, ಕಂಬಳಿ ಎಲ್ಲ ಕಟ್ಟಿ ಕಳಿಸಿದರು. ಜಿಗಣೆ ಹತ್ತದ ಹಾಗೆ ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ಪುಡಿ ಹಚ್ಚೋದನ್ನು ಅಲ್ಲಿನ ಹುಡುಗರು ಕಲಿಸಿದರು. ನಾವು ಒಯ್ದ ಕಟಿ ರೊಟ್ಟಿ, ಶೇಂಗಾ ಚಟ್ನಿ ಅವರಿಗೂ ಹಿಡಿಸಿತು. ಕೂಲಿ ಪ್ರತಿ ಶನಿವಾರ ಕೈಗೆ ಬಂತು. ಬೇರೆ ಕಡೆ ಕೂಲಿಗಾಗಿ ಅಲೆದವರಿಗೆ ಇದರ ಬೆಲೆ ಗೊತ್ತು.

ಊರಲ್ಲಿ ಉಳಿದವರಿಗೆ ಏನು ಹೇಳಲಿ? ನಾವು ಅಲ್ಲಿದ್ದಾಗ ಮೆಕ್ಕೆಜೋಳ ಮುರಿಯೋ ಕಾಲ, ಹಿಂಗಾರಿ ಕಡಲೆ, ಬಿಳಿಜೋಳ ಬಿತ್ತೋ ಕಾಲ. ಪಕ್ಕದ ಹೊಲದ ಅಣ್ಣ ತಮ್ಮಂದಿರು ನಮ್ಮವನ್ನೂ ತಮ್ಮವೇ ಅಂತ ಬಿತ್ತಿದರು. ಅವ್ವಂದಿರು ಮೊಮ್ಮಕ್ಕಳನ್ನು ತಪ್ಪದೆ ಶಾಲೆಗೆ ಕಳಿಸಿದರು. ಒಂದು ಮಗು ಎರಡು ದಿನ ಬರದಿದ್ದರೆ ಮನೆಗೇ ಹೋಗಿ ವಿಚಾರಿಸಿದ ಮೇಷ್ಟ್ರಿಗೆ ನಮ್ಮ ಗ್ಯಾಂಗಿನ ಎಲ್ಲರ ನಮಸ್ಕಾರ. ಕೊಪ್ಪಳದ ಗವಿಮಠದ ಜಾತ್ರೆಗೆ ಊರು ಮುಟ್ಟಿದೆವು. ತೇರು ಎಳೆಯೋ ಹೊತ್ತಿಗೆ ಎಲ್ಲರೂ ಮಕ್ಕಳ ಜೊತೆ ಇದ್ದರು, ಮಹಾದಾಸೋಹದಲ್ಲಿ ಒಟ್ಟಿಗೆ ಕೂತು ಉಂಡೆವು.

ಬರುವ ಅಕ್ಟೋಬರ್‌ಗೆ ಮತ್ತೆ ಕರೆದಿದ್ದಾರೆ. ಈ ಸಲ ಬಂಕರ್‌ಗಳ ಕೆಲಸ, ಜೊತೆಗೆ ಗುಡ್ಡದ ನೀರಿಗೆ ಮೊದಲೇ ಕಾಲುವೆ ತೋಡೋದು. ಅದು ಈಗ ನಕ್ಷೆಯಲ್ಲೇ ಸೇರಿದೆ. ಕಾಕಾ ಬರ್ತೀನಿ ಅಂದಿದ್ದಾರೆ, ದೊಡ್ಡಕ್ಕನೂ ಹೂಂ ಅಂದಿದ್ದಾರೆ. ಬರುವ ಮನಸ್ಸಿದ್ದವರು ಶ್ರಾವಣದೊಳಗೆ ನನಗೆ ಹೇಳಿ. ದಪ್ಪ ಸ್ವೆಟರ್ ಈಗಲೇ ತೆಗೆದಿಟ್ಟುಕೊಳ್ಳಿ.